ನೀರಿನ ತಳದ ಪೊಲೀಸರು

ಮನೆಯ ಬಾವಿಗೆ ಕೊಡ ಬಿದ್ದಾಗ ನೆರೆಮನೆಯಿಂದ ಪಾತಾಳಗರಡಿಯನ್ನು ಕೇಳಿ ತರುವ ಕೆಲಸ ಹುಡುಗನಾಗಿದ್ದ ನನ್ನ ಪಾಲಿನದು. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆಗಳನ್ನು ತೂಗಬಿಟ್ಟ ಆ ಸಾಧನವನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಕಾಣದ ತಳದಲ್ಲಿ ಅತ್ತಿತ್ತ ಆಡಿಸುತ್ತ, ಏನೋ ತಗುಲಿತೆಂಬ ಸೂಚನೆ ಹಗ್ಗದ ಮೂಲಕ ಅಂಗೈಗೆ ಬರುವ ತನಕ ಕಾಯಬೇಕು. ಒಮ್ಮೆ ಹೊಳೆಯಲ್ಲಿ ಮುಳುಗಿದವನೊಬ್ಬನನ್ನು ಹುಡುಕಲು ಅಂಬಿಗರು ಅದನ್ನೇ ಒಯ್ದರು. ಸಂಜೆಗೆ ಹಿಂದಕ್ಕೆ ತಂದುಕೊಟ್ಟರು. ಆ ಮನೆಯವರು ಮತ್ತೆ ಅದನ್ನು ಬಾವಿಗೆ ಇಳಿಸಲಿಲ್ಲ. ಹಿತ್ತಿಲ ಗೋಡೆಯ ಮೊಳೆಯಲ್ಲಿ ಅದು ತುಕ್ಕು ಹಿಡಿಯುತ್ತ ನೇತಾಡುತ್ತಿದ್ದುದು ನನಗೆ ಈಗಲೂ ನೆನಪಿದೆ.

ಲಂಡನಿನ ಥೇಮ್ಸ್ ನದಿಯ ಪೊಲೀಸರ ಚರಿತ್ರೆಯನ್ನು ಓದುವಾಗ ಆ ಗರಡಿ ಮತ್ತೆ ಮತ್ತೆ ಕಣ್ಣ ಮುಂದೆ ಬಂದಿತು. ಆ ದಳ ಹುಟ್ಟಿದುದು 1798ರ ಜುಲೈಯಲ್ಲಿ. ಹುಟ್ಟಿದುದು ಮನುಷ್ಯರಿಗಾಗಿ ಅಲ್ಲ, ಸಕ್ಕರೆ ಮತ್ತು ರಮ್ಮಿನ ಪೀಪಾಯಿಗಳಿಗಾಗಿ. ಬಂದರಿನಲ್ಲಿ ನಿಂತ ಹಡಗುಗಳಿಂದ ಸರಕು ಕಳುವಾಗುತ್ತಿದ್ದುದರಿಂದ ವೆಸ್ಟ್ ಇಂಡೀಸಿನ ವರ್ತಕರು ಹಣ ಹಾಕಿದರು. ಪ್ಯಾಟ್ರಿಕ್ ಕಲ್ಹೂನ್ ಮತ್ತು ಜಾನ್ ಹ್ಯಾರಿಯಟ್ ಎಂಬಿಬ್ಬರು ವಾಪಿಂಗಿನಲ್ಲಿ ಠಾಣೆ ತೆರೆದರು. ನೀರಿಗೆ ಬಿದ್ದ ಪೀಪಾಯಿಗೆ ಯಜಮಾನನಿದ್ದನು. ನೀರಿಗೆ ಬಿದ್ದ ಮನುಷ್ಯನಿಗೆ? ಡಿಕನ್ಸ್ 1864ರಿಂದ ಕಂತುಕಂತಾಗಿ ಪ್ರಕಟಿಸಿದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ, ಥೇಮ್ಸಿನಲ್ಲಿ ತೇಲುವ ಹೆಣಗಳನ್ನು ಹುಡುಕಿ ಅವುಗಳ ಜೇಬು ಬರಿದುಮಾಡಿ ಬದುಕುವವನೊಬ್ಬ ಮಗಳೊಡನೆ ದೋಣಿಯಲ್ಲಿ ಕುಳಿತಿದ್ದಾನೆ. ಅದು ಕೇವಲ ಕಲ್ಪನೆಯಾಗಿರಲಿಲ್ಲವೆಂಬುದು ಹದಿನಾಲ್ಕು ವರ್ಷಗಳಲ್ಲಿ ಎಲ್ಲರಿಗೂ ತಿಳಿಯಿತು.

1878ರ ಸೆಪ್ಟೆಂಬರ್ 3ರ ಸಂಜೆ. ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರ ನೌಕೆ ಶೀರ್ನೆಸ್ಸಿಗೆ ಹೋಗಿ ಲಂಡನಿಗೆ ಮರಳುತ್ತಿತ್ತು. ತಾಯಂದಿರು, ಮಕ್ಕಳು, ದಿನವಿಡೀ ಬಿಸಿಲು ಕಾದು ದಣಿದವರು. ವುಲ್ವಿಚ್ ಸಮೀಪದ ತಿರುವಿನಲ್ಲಿ ‘ಬೈವೆಲ್ ಕಾಸಲ್’ ಎಂಬ ಕಲ್ಲಿದ್ದಲ ಹಡಗು ಅದನ್ನು ಸೀಳಿತು. ನಾಲ್ಕೇ ನಿಮಿಷಗಳಲ್ಲಿ ನೌಕೆ ಮುಳುಗಿತು. ಸತ್ತವರು ಆರುನೂರಕ್ಕೂ ಹೆಚ್ಚು. ಪ್ರಯಾಣಿಕರ ಪಟ್ಟಿಯೇ ಇರಲಿಲ್ಲವಾದುದರಿಂದ ಸರಿಯಾದ ಸಂಖ್ಯೆ ಎಂದೂ ಸಿಕ್ಕಲಿಲ್ಲ. ನಗರದ ಚರಂಡಿ ನೀರನ್ನು ಅಲ್ಲಿಯೇ, ಆ ಹೊತ್ತಿಗೆ ಸ್ವಲ್ಪ ಮುಂಚೆಯಷ್ಟೇ ನದಿಗೆ ಬಿಟ್ಟಿದ್ದರು.

ಹುಡುಕುವ ಕೆಲಸಕ್ಕೆ ದೋಣಿಯವರನ್ನು ಕೂಲಿಗೆ ಹಿಡಿದರು. ಹೆಣವೊಂದಕ್ಕೆ ಕನಿಷ್ಠ ಐದು ಷಿಲ್ಲಿಂಗ್. ಆ ದೋಣಿಯವರನ್ನು ನಾನು ಹಳಿಯಲಾರೆ. ಬಡವರು, ಕೆಲಸ ಮಾಡಿದರು. ಆದರೆ ತುಂಡಿಗಿಷ್ಟು ಎಂಬ ಲೆಕ್ಕದಲ್ಲಿ ಯಾರು ಎಲ್ಲಿ ಸಿಕ್ಕರು, ಜೊತೆಗೆ ಏನಿತ್ತು ಎಂಬುದನ್ನು ಕೇಳುವವರಿಲ್ಲ. ಕೊಳಚೆಯಲ್ಲಿ ದೇಹಗಳು ಬೇಗ ಕೆಟ್ಟು ಗುರುತು ಕಳೆದುಕೊಂಡವು. ಸುಮಾರು 120 ಮಂದಿಯನ್ನು ಹೆಸರಿಲ್ಲದೆ ವುಲ್ವಿಚ್ಚಿನ ಸ್ಮಶಾನದಲ್ಲಿ ಹೂಳಿದರು. ಅಲ್ಲಿ ನಿಂತಿರುವ ಕಲ್ಲಿನ ಶಿಲುಬೆಗೆ 23,000ಕ್ಕೂ ಹೆಚ್ಚು ಜನ ತಲಾ ಆರು ಪೆನ್ಸ್ ಕೊಟ್ಟರಂತೆ.

ಆಮೇಲೆ ನದಿಯ ಪೊಲೀಸರಿಗೆ ಹುಟ್ಟಿನ ದೋಣಿ ಹೋಗಿ ಉಗಿದೋಣಿ ಬಂದಿತು. ಆದರೂ ಅವರ ಕೆಲಸ ನೀರಿನ ಮೇಲ್ಮೈಯದೇ. ಆಗಿನ ಮುಳುಗುಗಾರನ ತಾಮ್ರದ ಶಿರಸ್ತ್ರಾಣ, ಸೀಸದ ಪಾದರಕ್ಷೆ, ದೋಣಿಯ ಮೇಲಿನಿಂದ ಗಾಳಿ ಒತ್ತುವ ಪಂಪು, ಅದನ್ನು ತಿರುಗಿಸುವ ಆಳುಗಳು – ಇಷ್ಟನ್ನೂ ಕಟ್ಟಿಕೊಂಡು ಒಂದು ಚಾಕುವಿಗಾಗಿ ಕೊಳಕ್ಕಿಳಿಯಲು ಯಾವ ಠಾಣೆಯಿಂದ ಸಾಧ್ಯ? 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕುಸ್ತೋ ಮತ್ತು ಎಂಜಿನಿಯರ್ ಗಾನ್ಯಾ, ಮೋಟಾರಿಗೆ ಅನಿಲ ಹಾಯಿಸುವ ಕವಾಟವೊಂದನ್ನು ಮಾರ್ಪಡಿಸಿ, ಮುಳುಗಿದವನು ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿ ಕೊಡುವ ಉಪಕರಣ ಮಾಡಿದರು. ಬೆನ್ನಿಗೊಂದು ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಸಾಕಾಯಿತು. ಯುದ್ಧ ಮುಗಿದ ಮೇಲೆ ದೇಶದೇಶಗಳ ಪೊಲೀಸರು ಇದನ್ನು ಕಲಿತು ನೀರಿನ ತಳಕ್ಕಿಳಿದರು.

ಚಲನಚಿತ್ರಗಳಲ್ಲಿ ಈ ಪೊಲೀಸರು ತಿಳಿನೀಲಿ ನೀರಿನಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ನಿಜವಾದ ಕೆಲಸ ಬೇರೆ. ನಗರದ ನದಿಯಲ್ಲಿ ಕೆಸರಿನಿಂದಾಗಿ ಮೂಗಿನ ಮುಂದೆ ಹಿಡಿದ ಕೈಯೂ ಕಾಣದು. ತಳದಲ್ಲಿ ಎರಡು ಭಾರಗಳ ನಡುವೆ ಹಗ್ಗವೊಂದನ್ನು ಬಿಗಿದು ಹಾಸುತ್ತಾರೆ. ಮುಳುಗುಗಾರ ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಕೆಸರನ್ನು ಸವರುತ್ತ ಆ ತುದಿಗೆ ಹೋಗುತ್ತಾನೆ, ಭಾರವನ್ನು ಒಂದು ಮಾರು ಸರಿಸುತ್ತಾನೆ, ಸವರುತ್ತ ಹಿಂದಿರುಗುತ್ತಾನೆ. ಒಡೆದ ಗಾಜು, ಮುರಿದ ಸೈಕಲ್ಲು, ಮುಳ್ಳುತಂತಿ ಎಲ್ಲವನ್ನೂ ಬೆರಳುಗಳೇ ಓದಬೇಕು. ಅವನ ಸೊಂಟದ ಇನ್ನೊಂದು ಹಗ್ಗ ಮೇಲಿರುವ ಜೊತೆಗಾರನ ಕೈಯಲ್ಲಿರುತ್ತದೆ; ಎಷ್ಟು ಸಲ ಎಳೆದರೆ ಏನೆಂಬುದೇ ಅವರ ಭಾಷೆ. ಮತ್ತೊಬ್ಬ ಮುಳುಗುಗಾರ ಸಜ್ಜಾಗಿ ದಡದಲ್ಲಿ ಕುಳಿತಿರಬೇಕು. ಪಿಸ್ತೂಲು ಸಿಕ್ಕರೆ ಅದನ್ನು ಅದೇ ನೀರು ತುಂಬಿದ ಡಬ್ಬಿಯಲ್ಲಿಟ್ಟು ಮುಚ್ಚುತ್ತಾರೆ, ಗಾಳಿ ತಗುಲಿದೊಡನೆ ತುಕ್ಕು ಏರುವುದರಿಂದ. ಮನುಷ್ಯ ಸಿಕ್ಕರೆ ಕೊಕ್ಕೆಯಿಲ್ಲ. ತಳದಲ್ಲಿಯೇ ಚೀಲದೊಳಗಿಟ್ಟು ಮೇಲೆ ತರುತ್ತಾರೆ. ಉಂಗುರ, ಗುಂಡಿ, ಜೇಬಿನ ಚೀಟಿ ನೀರುಪಾಲಾಗದು. ‘ಏನು ಸಿಕ್ಕಿತು’ ಎಂಬಷ್ಟೇ ‘ಇಲ್ಲಿ ಏನೂ ಇಲ್ಲ’ ಎಂಬ ಮಾತಿಗೂ ನ್ಯಾಯಾಲಯದಲ್ಲಿ ಬೆಲೆಯುಂಟು.

ಇಷ್ಟೆಲ್ಲ ಕಲಿತ ಮೇಲೂ ತಪ್ಪಿತು. ಈ ಬಾರಿ ನೀರಿನಲ್ಲಲ್ಲ, ದಡದಲ್ಲಿ. 1989ರ ಆಗಸ್ಟ್ 20ರ ರಾತ್ರಿ ಅದೇ ಥೇಮ್ಸಿನಲ್ಲಿ ಹುಟ್ಟುಹಬ್ಬದ ಕೂಟ ನಡೆಯುತ್ತಿದ್ದ ‘ಮಾರ್ಷಿಯೊನೆಸ್’ ಎಂಬ ನೌಕೆಗೆ ‘ಬೋಬೆಲ್’ ಎಂಬ ಮರಳೆತ್ತುವ ಹಡಗು ಬಡಿಯಿತು. 51 ಜನ ಸತ್ತರು, ಬಹುಮಂದಿ ಎಳೆಯರು. ನೀರಿನಲ್ಲಿ ನೆನೆದ ಬೆರಳಿನ ಅಚ್ಚು ತೆಗೆಯುವುದು ಕಷ್ಟ. ಅದಕ್ಕಾಗಿ 25 ಮಂದಿಯ ಕೈಗಳನ್ನೇ ಕತ್ತರಿಸಿ ಪ್ರಯೋಗಾಲಯಕ್ಕೆ ಒಯ್ದರು. ಎಷ್ಟೋ ಮನೆಯವರಿಗೆ ಇದು ವರ್ಷಗಳ ತನಕ ತಿಳಿಯಲಿಲ್ಲ. ಅವರು ಬಿಡಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ಕ್ಲಾರ್ಕ್ ವರದಿ ಕೊಟ್ಟರು: ಮನೆಯವರಿಗೆ ಸತ್ಯವನ್ನೇ ಹೇಳಬೇಕು, ಸತ್ತವರಿಗೂ ಉಳಿದವರಿಗೂ ಮರ್ಯಾದೆ ಸಲ್ಲಬೇಕು, ಗುರುತು ತಪ್ಪಬಾರದು, ಕೈ ತೆಗೆಯುವುದು ಬೇರಾವ ದಾರಿಯೂ ಇಲ್ಲದಾಗ ಮಾತ್ರ. ಮರುವರ್ಷ, 2002ರಲ್ಲಿ, ಥೇಮ್ಸಿನಲ್ಲಿ ಜೀವರಕ್ಷಕ ದೋಣಿಗಳ ನಾಲ್ಕು ಠಾಣೆಗಳು ತೆರೆದವು. ಆರುನೂರು ಜನ ಸತ್ತಾಗ ಬಾರದ ದೋಣಿಗಳು!

ನಮ್ಮಲ್ಲಿ ಇಂದಿಗೂ ಕೆರೆ ಹೊಳೆಗಳಲ್ಲಿ ಮುಳುಗಿದವರನ್ನು ಎಷ್ಟೋ ಕಡೆ ಮೊದಲು ಹುಡುಕುವವರು ಊರ ಈಜುಗಾರರು, ಮೀನುಗಾರರು. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯೊಂದು ಗಂಗಾವಳಿಯ ಪಾಲಾದಾಗ, ನೌಕಾಪಡೆಯ ಮುಳುಗುಗಾರರೂ ಬಂದರು, ಕರಾವಳಿಯ ಮುಳುಗುಗಾರರೂ ಇಳಿದರು. ಮಳೆಗಾಲದ ಸೆಳೆತ ಇಬ್ಬರನ್ನೂ ನಿಲ್ಲಗೊಡಲಿಲ್ಲ. ಗೋವೆಯಿಂದ ಹೂಳೆತ್ತುವ ಯಂತ್ರ ತರಿಸಿ, ಸೆಪ್ಟೆಂಬರ್ 25ರಂದು ಲಾರಿಯನ್ನು ಮೇಲೆತ್ತಿದರು. ಚಾಲಕ ಒಳಗಿದ್ದನು. ಅವನು ಓಡಿಸುತ್ತಿದ್ದ ಲಾರಿಯೇ ಅದು, ಸಂಶಯಪಡುವವರು ಯಾರೂ ಇರಲಿಲ್ಲ. ಆದರೂ ವಂಶವಾಹಿಯ ಪರೀಕ್ಷೆ ಮಾಡಿಸಿ, ರಕ್ತಸಂಬಂಧ ಹೊಂದಿತೆಂದು ತಿಳಿದ ಮೇಲೆಯೇ ದೇಹವನ್ನು ಮನೆಯವರಿಗೆ ಒಪ್ಪಿಸಿದರು.