ಗ್ರೀಕ್ ಶಿಲ್ಪದ ಕಾಲವಿಭಾಗವೂ ಚಾಲುಕ್ಯ ಶಿಲ್ಪವೂ

ಗ್ರೀಕ್ ಶಿಲ್ಪದ ಇತಿಹಾಸವನ್ನು ಪ್ರಾಕ್ತನ, ಅಭಿಜಾತ, ಹೆಲೆನಿಸ್ಟಿಕ್ ಎಂದು ವಿಭಾಗಿಸುವುದು ರೂಢಿ. ಕ್ರಿ.ಪೂ. 6ನೆಯ ಶತಮಾನದಲ್ಲಿ ಬಿಗಿದು ನಿಂತಿದ್ದ ತರುಣರ ಪ್ರತಿಮೆಗಳು 5ನೆಯ ಶತಮಾನದಲ್ಲಿ ಒಂದು ಕಾಲಿನ ಮೇಲೆ ಭಾರವಿಟ್ಟು ಸಡಿಲಗೊಂಡವು. ಅಲೆಕ್ಸಾಂಡರನ ಮರಣಾನಂತರ (ಕ್ರಿ.ಪೂ. 323) ನೋವು, ಮುಪ್ಪು, ಆವೇಗಗಳೂ ಶಿಲ್ಪವಸ್ತುಗಳಾದವು. 1764ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಂಕೆಲ್‌ಮನ್ ಈ ಕ್ರಮದಲ್ಲಿ ಉದಯ, ಪರಿಣತಿ, ಅವನತಿಗಳನ್ನು ಕಂಡನು. ಆತನು ನೋಡಿದ್ದು ಬಹುಮಟ್ಟಿಗೆ ರೋಮನ್ ಕಾಲದ ಪ್ರತಿಗಳನ್ನು! ಪಾಲಿಕ್ಲೀಟಸನ ಈಟಿಧಾರಿಯ ಮೂಲ ಕಂಚಿನದು. ಅಮೃತಶಿಲೆಯ ಪ್ರತಿಯಲ್ಲಿ ಕಾಲಿಗೆ ಆತುಕೊಂಡಿರುವ ಮರದ ಬೊಡ್ಡೆ ಕಲ್ಲಿನ ಭಾರ ಹೊರಲು ಸೇರಿದ್ದು. ಮಾಧ್ಯಮ ಬದಲಾದುದನ್ನು ಮರೆತರೆ ಬೊಡ್ಡೆಯೂ ಶೈಲಿಯಾಗಿ ಕಾಣುತ್ತದೆ.

ಇದೇ ಅಳತೆಗೋಲನ್ನು ಚಾಲುಕ್ಯ ಶಿಲ್ಪಕ್ಕೂ ಹಿಡಿದು, ಬಾದಾಮಿಯವರದು ಸತ್ತ್ವ, ಕಲ್ಯಾಣದವರದು ಬರಿಯ ಅಲಂಕಾರ ಎನ್ನುವುದುಂಟು. ಹೈದರಾಬಾದಿನ ಜೀಡಿಮೆಟ್ಲಾದಂತಹ ಬಡಾವಣೆಗಳಲ್ಲಿ ನೆಲೆಸಿದ ಕನ್ನಡ ಸಂಶೋಧಕರು ಈ ಮಾತಿನ ಪರೀಕ್ಷೆಯನ್ನು ತೆಲಂಗಾಣದಲ್ಲಿಯೇ ಇರುವ ಆಲಂಪುರದಿಂದ ಆರಂಭಿಸಬಹುದು. ಅಲ್ಲಿಯ ನವಬ್ರಹ್ಮ ದೇವಾಲಯಗಳು (ಹೆಸರು ಬ್ರಹ್ಮನದಾದರೂ ಎಲ್ಲವೂ ಶಿವಾಲಯಗಳೇ) ಬಾದಾಮಿ ಚಾಲುಕ್ಯರ ಕಾಲದವು. ಸ್ವರ್ಗಬ್ರಹ್ಮ ದೇವಾಲಯವು ವಿನಯಾದಿತ್ಯನ (681–696) ಆಳ್ವಿಕೆಗೆ ಸೇರಿದ್ದು. ಕಟ್ಟಡಕ್ಕೆ ಬಳಸಿದ್ದು ಮರಳುಗಲ್ಲು. ಅದರ ಕಣ ಉಳಿಯ ಅತಿಸೂಕ್ಷ್ಮ ಗೆರೆಯನ್ನು ತಡೆದುಕೊಳ್ಳದು. ಅಲ್ಲಿ ರೂಪ ಮೈತುಂಬಿಕೊಂಡು ಸರಳವಾಗುತ್ತದೆ. 1112ರ ಇಟಗಿಯ ಮಹಾದೇವ ದೇವಾಲಯದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನಲ್ಲಿಯೇ ತಿರುಗಣೆಯ ನುಣುಪಿನ ಕಂಬಗಳೂ ಎಳೆಎಳೆಯಾದ ತೋರಣಗಳೂ ಮೂಡಿವೆ. ಅಭಿರುಚಿ ಬದಲಾಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಆ ಕಲ್ಲನ್ನು ಆಯ್ದುಕೊಂಡದ್ದೂ ಅಭಿರುಚಿಯೇ. ಅದನ್ನು ಅವನತಿಯೆನ್ನಲು ಮಾತ್ರ ನಮಗೆ ಆಧಾರ ಕಾಣುವುದಿಲ್ಲ.