ಏಣಿಯಾಟದಿಂದ ಕಲಿಕಾ ಏಣಿಗೆ

ಹಾವು-ಏಣಿ ಆಡದ ಮಕ್ಕಳು ನಮ್ಮ ಯಡೂರಿನಲ್ಲಾಗಲಿ, ಕೃಷ್ಣಾ ತೀರದ ಬೇರೆ ಊರುಗಳಲ್ಲಾಗಲಿ ಸಿಗುವುದು ಕಷ್ಟ. ಉರ್ದು ಮನೆಗಳಲ್ಲಿ ಇದನ್ನೇ ಸಾಂಪ್-ಸೀಡಿ ಎನ್ನುತ್ತೇವೆ. ಇದು ಮೂಲತಃ ಪಾಠ ಹೇಳಲೆಂದೇ ಇದ್ದ ಆಟ. ಜ್ಞಾನ ಚೌಪಡ ಎಂಬ ಹಳೆಯ ಹಾಸಿನಲ್ಲಿ ಸದ್ಗುಣದ ಮನೆಗೆ ಏಣಿ, ದುರ್ಗುಣದ ಮನೆಗೆ ಹಾವು. ಜೈನರ, ವೈಷ್ಣವರ ಹಾಸುಗಳಂತೆ ಸೂಫಿಗಳದೂ ಇತ್ತು. ಅದಕ್ಕೆ ಶತರಂಜ್-ಅಲ್-ಆರಿಫೀನ್ ಎಂದು ಹೆಸರು. 19ನೆಯ ಶತಮಾನದ ಕೊನೆಗೆ ಈ ಆಟ ಇಂಗ್ಲೆಂಡಿಗೂ ಹೋಯಿತು.

ಆದರೆ ಶಿಕ್ಷಕನ ಕಣ್ಣಿನಿಂದ ನೋಡಿದರೆ ಅದರಲ್ಲೊಂದು ಕೊರತೆಯಿದೆ. ಮೇಲೇರಿಸುವುದು ದಾಳ, ಆಡುವವನ ತಿಳಿವಳಿಕೆಯಲ್ಲ. ಮನೆಯಲ್ಲಿ ಬರೆದದ್ದನ್ನು ಓದದೆಯೂ ಗೆಲ್ಲಬಹುದು.

ಆಟದ ನಡೆಯೇ ಪಾಠವಾಗುವಂತೆ ಮಾಡಿದ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ, 'ನಲಿ-ಕಲಿ' ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದ ಶಿಕ್ಷಕರೇ ಕಾರ್ಡುಗಳನ್ನು ಸಿದ್ಧಪಡಿಸಿದರು. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಮಗು ತನ್ನ ಮೆಟ್ಟಿಲು ಗುರುತಿಸಿ, ಅದಕ್ಕೆ ಹೊಂದುವ ಕಾರ್ಡು ಎತ್ತಿಕೊಂಡು, ತನ್ನ ತಟ್ಟೆಯ ಗುಂಪಿನಲ್ಲಿ ಕೂರುತ್ತದೆ. ಇಲ್ಲಿ ಹಾವಿಲ್ಲ. ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೆ?

ಅಕ್ಷರಗಳ ಕ್ರಮವೂ ಬದಲಾಯಿತು. 'ಅ ಆ ಇ ಈ' ಬಿಟ್ಟು 'ರ ಗ ಸ ದ ಅ' ಮೊದಲಿಗೆ ಬಂದಾಗ ಎಷ್ಟೋ ಪಾಲಕರು ಹುಬ್ಬೇರಿಸಿದರು. ಆದರೆ ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸ ಎಂದು ಓದಬಹುದು. ಸ್ವರಮಾಲೆಯನ್ನೆಲ್ಲ ಬಾಯಿಪಾಠ ಮಾಡಿದ ಮಗುವಿಗೆ ಒಂದು ವಾಕ್ಯವೂ ಸಿಕ್ಕಿರುವುದಿಲ್ಲ. ಆಟದಲ್ಲಿ ಬೇಗ ಸಿಗುವ ಮೊದಲ ಗೆಲುವು ಹೇಗೋ, ಇದೂ ಹಾಗೆ.

2009-10ರಲ್ಲಿ ನಲಿ-ಕಲಿ ರಾಜ್ಯದಾದ್ಯಂತ ವಿಸ್ತರಿಸಿತು. ಆಗ ತೊಂದರೆಗಳೂ ಕಂಡವು. ಒಬ್ಬರೇ ಶಿಕ್ಷಕರು ಹಲವು ತಟ್ಟೆಗಳನ್ನು ನೋಡಿಕೊಳ್ಳಬೇಕು. ಕಾರ್ಡು ಹರಿದರೆ, ಕಳೆದರೆ ಏಣಿಯೇ ಮುರಿಯುತ್ತದೆ. ತಾವೇ ಕಾರ್ಡು ಬರೆದವರಿಗೂ ಸಿದ್ಧ ಪೆಟ್ಟಿಗೆ ಪಡೆದವರಿಗೂ ವ್ಯತ್ಯಾಸ ಇದ್ದೇ ಇರುತ್ತದೆಂದು ನನ್ನ ಅನಿಸಿಕೆ.

ಮುಂದೆ ಉರ್ದು ಶಾಲೆಗಳಿಗೂ ಕಾರ್ಡುಗಳು ಬಂದವು. ಇಲ್ಲಿ ಕನ್ನಡದ ಕ್ರಮವನ್ನು ನಕಲು ಮಾಡಿದರೆ ಸಾಲದು. ದಾಲ್, ರೇ, ಸೀನ್ ಸೇರಿ 'ದರ್ಸ್' ಆದಾಗ ಮೂರೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅವೇ ಮೂರು 'ಸರ್ದ್' ಆದಾಗ ಸೀನ್ ಬಾಲ ಕಳೆದುಕೊಂಡು ರೇಗೆ ಅಂಟಿಕೊಳ್ಳುತ್ತದೆ. ಮಗುವಿಗೆ ಅದು ಹೊಸ ಅಕ್ಷರದಂತೆಯೇ ಕಾಣುತ್ತದೆ. ಆದ್ದರಿಂದ ಉರ್ದು ಏಣಿಯಲ್ಲಿ ಅಕ್ಷರಕ್ಕೊಂದು ಮೆಟ್ಟಿಲು ಸಾಲದು, ಅದರ ಪ್ರತಿ ರೂಪಕ್ಕೂ ಒಂದು ಬೇಕು.