ಬಂಡಿ ಕೆಳಗಿನ ನಾಯಿ, ಲಾರಿ ಮೇಲಿನ ನಾಯಿ

ನಮ್ಮ ಕಡೆ ಲಾರಿ ಓಡಿಸುವ ಹುಡುಗರು ದೂರದ ಟ್ರಿಪ್ಪಿಗೆ ಜೊತೆಗೊಂದು ನಾಯಿ ಬೇಕು ಅಂದುಕೊಂಡರೆ ಮೊದಲು ಬಾಯಿಗೆ ಬರುವ ಹೆಸರು ಮುಧೋಳ. ನಾಯಿ ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ರಾತ್ರಿ ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕಿನಲ್ಲಿ ಡೀಸೆಲ್ ಇರುತ್ತದೋ ಇಲ್ಲವೋ, ಟಾರ್ಪಾಲು ಕುಯ್ದಿರುತ್ತಾರೋ ಏನೋ. ಕ್ಲೀನರ್ ಇಲ್ಲದೆ ಒಬ್ಬರೇ ಹೋಗುವವರಿಗೆ ಮಾತಾಡಿಸಲೂ ಒಂದು ಜೀವ ಬೇಕು. ಆದರೆ ದುಡ್ಡು ಕೊಟ್ಟು ಮರಿ ತರುವ ಮೊದಲು ನಮ್ಮದೇ ದಾರಿಯ ಹಳೇ ಕಥೆ ಸ್ವಲ್ಪ ಕೇಳಿ.

ಮುಧೋಳದ ನಾಯಿಗೆ ಕಾರವಾನಿ ಅಂತಲೂ ಹೆಸರುಂಟು. ಸರಕು ಹೇರಿಕೊಂಡು ಗುಂಪಾಗಿ ಊರೂರು ದಾಟುವ ವ್ಯಾಪಾರಿಗಳ ತಂಡವೇ ಕಾರವಾನ್. ಅಂಥವರ ಜೊತೆ ಬಂದದ್ದು ಕಾರವಾನಿ. ನಮ್ಮ ಸೀಮೆಯಲ್ಲಿ ಹಾಗೆ ಓಡಾಡಿದವರು ಲಂಬಾಣಿಗಳು. ಗಾಡಿ ಹೋಗುವಂಥ ರಸ್ತೆಯೇ ಅಪರೂಪವಾಗಿದ್ದ ಕಾಲದಲ್ಲಿ ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ಹೊರಡುತ್ತಿದ್ದರು. ದೊಡ್ಡ ತಂಡವಾದರೆ ಸಾವಿರಾರು ಎತ್ತು. ರಾತ್ರಿ ತಂಗಿದಲ್ಲಿ ಮೂಟೆಗಳನ್ನು ಗೋಡೆಯಂತೆ ಜೋಡಿಸಿ, ನಾಯಿಗಳನ್ನು ಕಾವಲಿಗಿಟ್ಟು ಮಲಗುತ್ತಿದ್ದರು.

ಆ ಮೂಟೆಗಳ ಬೆಲೆ ಎಷ್ಟು ಅನ್ನುವುದು 1791ರಲ್ಲಿ ಗೊತ್ತಾಯಿತು. ಆ ವರ್ಷ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ. ಅಲ್ಲಿ ಎತ್ತುಗಳು ಸತ್ತವು, ದವಸ ಮುಗಿಯಿತು. ಎಳೆಯಲು ದನಗಳಿಲ್ಲದೆ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ವಾಪಸಾದ. ಮತ್ತೆ ಹೊರಡುವ ಮೊದಲು ಬ್ರಿಟಿಷರು ಲಂಬಾಣಿಗಳನ್ನು ಗೊತ್ತುಮಾಡಿಕೊಂಡರು. ದವಸ ಬರುವ ದಾರಿ ಭದ್ರವಾಗಿರಬೇಕು ಅಂತ ಅಕ್ಕಪಕ್ಕದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದರು. ಮಾಗಡಿಯ ಸಾವನದುರ್ಗ ಬಿದ್ದದ್ದು 1791ರ ಡಿಸೆಂಬರ್ 21ರಂದು. ನಾವು ರಜಾದಿನ ಹತ್ತುವ ಬೆಟ್ಟಕ್ಕೆ ಅಂದು ಅಷ್ಟು ರಕ್ತ ಹರಿದದ್ದರ ಹಿಂದೆ ಎತ್ತಿನ ಮೇಲಿನ ಅಕ್ಕಿಮೂಟೆಯ ಚಿಂತೆಯೂ ಇತ್ತು.

ಯುದ್ಧ ಮುಗಿದರೂ ದಾರಿಯ ಭಯ ಹೋಗಲಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅನ್ನುತ್ತಿದ್ದರಲ್ಲ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನ ಆ ಪೇಟೆಯನ್ನು 1800ರ ಸುಮಾರಿಗೆ ಕಟ್ಟಿಸಿದ್ದೇ ಕಾಡಿನ ನಡುವೆ ಹೋಗುವ ಹೆದ್ದಾರಿಗೆ ರಕ್ಷಣೆ ಬೇಕು ಅಂತ. ದಾರಿಹೋಕರ ಹೆದರಿಕೆಯಿಂದ ಹುಟ್ಟಿದ ಊರು ಅನ್ನಬಹುದು.

ರಸ್ತೆ ಸುಧಾರಿಸಿದ ಮೇಲೆ ಎತ್ತಿನ ಗಾಡಿ ಹೆಚ್ಚಾದವು. 1881-82ರಲ್ಲಿ ಬೆಂಗಳೂರು-ಮೈಸೂರು ರೈಲು ಬಂದರೂ ಕನಕಪುರ, ಮಾಗಡಿ ಕಡೆಯವರಿಗೆ ಗಾಡಿಯೇ ಗತಿ. ಆ ಗಾಡಿಯ ನಾಯಿ ಹೇಗಿತ್ತು ಅನ್ನುವುದು ನಮ್ಮ ಮಾತಿನಲ್ಲೇ ಉಳಿದಿದೆ. ಬಂಡಿ ಕೆಳಗೆ ನಡೆಯುವ ನಾಯಿ ಬಂಡಿಯನ್ನು ತಾನೇ ಎಳೆಯುತ್ತಿದ್ದೇನೆ ಅಂದುಕೊಂಡಿತಂತೆ ಅಂತ ಜಂಬದವರನ್ನು ಆಡಿಕೊಳ್ಳುತ್ತೇವೆ. ಆ ನಾಯಿಗೆ ಇದು ಅನ್ಯಾಯ ಅಂತ ನನಗನ್ನಿಸುತ್ತದೆ. ಅದು ಮಾಡುತ್ತಿದ್ದ ಕೆಲಸ ನೋಡಿ: ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ, ಅಚ್ಚಿನ ನೆರಳು ಬಿಡುವುದಿಲ್ಲ, ದಾರಿಯಲ್ಲಿ ಮೊಲ ಕಂಡರೆ ಓಡಿಹೋಗುವುದಿಲ್ಲ. ಗಾಡಿ ನಿಂತರೆ ಅದರ ಕೆಳಗೇ ಮಲಗಿ, ಯಾರಾದರೂ ಹತ್ತಿರ ಬಂದರೆ ಬೊಗಳುತ್ತದೆ. ಹೆಸರಿಲ್ಲದ ನಾಟಿ ನಾಯಿ.

ಹೆಸರು ಮಾಡಿದ ನಾಯಿಯೂ ನಮ್ಮ ಪಕ್ಕದಲ್ಲೇ ಇತ್ತು. ಚನ್ನಪಟ್ಟಣ ದಾಟಿದರೆ ಮದ್ದೂರು ತಾಲ್ಲೂಕು, ಅಲ್ಲಿಯ ಆತಕೂರು. ಕ್ರಿ.ಶ. 949-50ರ ಸುಮಾರಿನ ಅಲ್ಲಿಯ ಶಾಸನದಲ್ಲಿ ಕಾಳಿ ಅನ್ನುವ ನಾಯಿಯ ಕಥೆ ಇದೆ. ಯುದ್ಧದಲ್ಲಿ ಗೆದ್ದು ಬಂದ ಮಣಲೆರನಿಗೆ ಗಂಗರ ದೊರೆ ಬೂತುಗ, ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿಯನ್ನು. ಆಮೇಲೆ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯ ಕಥೆ ಓದಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅಂಥ ನಾಯಿ ಕ್ಯಾಬಿನ್ನಿನಲ್ಲಿದ್ದರೆ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಪಕ್ಕ ಬಾಗಿಲು ತೆಗೆದಿರಿ ಅಂದುಕೊಳ್ಳಿ. ಆ ಕಡೆ ಏನೋ ಓಡಿತು, ಇದು ಹಾರಿತು. ಅಲ್ಲಿಗೆ ಮುಗಿಯಿತು. ಮುಧೋಳವೂ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ. 2005ರಲ್ಲಿ ಅಂಚೆ ಚೀಟಿಯಲ್ಲಿ ಬಂತು, 2016ರಲ್ಲಿ ಸೇನೆಯವರು ಮೀರತ್ತಿಗೆ ಕರೆದುಕೊಂಡು ಹೋಗಿ ತರಬೇತಿ ಕೊಟ್ಟರು, ಅದರ ಯೋಗ್ಯತೆ ದೊಡ್ಡದೇ. ಎರಡಡಿಗಿಂತ ಎತ್ತರದ, ದಿನಾ ಓಡಲೇಬೇಕಾದ ಪ್ರಾಣಿಯನ್ನು ಗೇರ್ ಪಕ್ಕದ ಜಾಗದಲ್ಲಿ ಮೂರು ದಿನ ಮಡಚಿ ಕೂರಿಸುವುದು ಮಾತ್ರ ಸರಿಯಲ್ಲ.

ನನ್ನ ಕೇಳಿದರೆ, ಬಂಡಿ ಕೆಳಗಿನ ಜಾತಿಯನ್ನೇ ಹುಡುಕಿ. ಸಣ್ಣ ಮೈ, ಗಿಡ್ಡ ಕೂದಲು, ಒಂದೆರಡು ವರ್ಷ ದಾಟಿ ಬುದ್ಧಿ ನಿಂತಿರುವ ನಾಟಿ ನಾಯಿ. ಮೊದಲು ಹತ್ತಿರದ ಲೋಡಿಗೆ ಕರೆದುಕೊಂಡು ಹೋಗಿ, ಚನ್ನಪಟ್ಟಣದಿಂದ ಬೆಂಗಳೂರಿಗೆ ಎಳನೀರು ಹೊತ್ತೊಯ್ಯುವಷ್ಟು ದೂರ ಸಾಕು. ವಾಂತಿ ಮಾಡುತ್ತದಾ, ಹಾರನ್ನಿಗೆ ಬೆಚ್ಚುತ್ತದಾ ನೋಡಿ. ಬಾಗಿಲು ತೆಗೆದಾಗ ನೀವು ಹೇಳುವವರೆಗೆ ಕೂತಿರುತ್ತದಾ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದೆ ಹತ್ತಿಸಬೇಡಿ. ಅದರ ಚೀಟಿ ಗಾಡಿಯ ಕಾಗದಪತ್ರದ ಜೊತೆಗೇ ಇರಲಿ. ಬಿಸಿಲಲ್ಲಿ ಗಾಜು ಏರಿಸಿ ಒಳಗೆ ಬಿಟ್ಟು ಊಟಕ್ಕೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋಗಬಹುದು.

ಇನ್ನು ಕನಕಪುರ ದಾಟಿ ಕಾಡಂಚಿನಲ್ಲೋ, ರಾಮನಗರದ ಬೆಟ್ಟಗಳ ಬುಡದಲ್ಲೋ ರಾತ್ರಿ ನಿಲ್ಲಿಸಿದರೆ ನಾಯಿಯನ್ನು ಚಕ್ರಕ್ಕೆ ಕಟ್ಟಬೇಡಿ. ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಮೇಲೆ ಹತ್ತಿಸಿಕೊಂಡು ಗಾಜು ನಾಲ್ಕು ಬೆರಳು ಇಳಿಸಿಡಿ. ಅದು ಬೊಗಳುವುದು ನಿಮಗೂ ಕೇಳುತ್ತದೆ, ಟ್ಯಾಂಕಿನ ಹತ್ತಿರ ಬಂದವನಿಗೂ ಕೇಳುತ್ತದೆ.